ಫೋನಿನಲ್ಲಿ ಬೇಸಾಯ ಕಲಿಯುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇದ್ದವು. ವಾಟ್ಸಾಪ್ ಗ್ರೂಪು, ಯೂಟ್ಯೂಬ್, ಆನ್‌ಲೈನ್ ತರಬೇತಿ, ಇವನ್ನೆಲ್ಲ ನಂಬಿ ಬೇಸಾಯ ಮಾಡಬಹುದಾ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆಯಿಂದ ಬರೆದಿದ್ದೀರಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ಮಾತಾಡೋಣ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಸಾರ್, ನಾವಿರೋ ಟೊಮೆಟೊ ಗ್ರೂಪಲ್ಲಿ ನೂರಾರು ಜನ ಇದ್ದಾರೆ. ಕಾಯಿ ಕಟ್ಟೋ ಟೈಮಿಗೆ ನಮ್ಮ ತೋಟದಲ್ಲಿ ಗಿಡ ಸೊರಗೋಕೆ ಶುರುವಾಯ್ತು. ಫೋಟೊ ಹಾಕಿದೆ. ಅರ್ಧ ಗಂಟೆಯಲ್ಲಿ ಒಬ್ಬೊಬ್ಬರು ಒಂದೊಂದು ಔಷಧಿ ಹೇಳಿದರು. ಮೂರು ಔಷಧಿ ತಂದು ಕಲಸಿ ಹೊಡೆದೆ. ಗಿಡ ಉಳಿಯಲಿಲ್ಲ, ದುಡ್ಡೂ ಹೋಯ್ತು. ಗ್ರೂಪಿಂದ ಹೊರಗೆ ಬಂದುಬಿಡಲಾ?
– ಮುಳಬಾಗಿಲು ತಾಲ್ಲೂಕಿನ ಓದುಗರು

ಉತ್ತರ: ಬರಬೇಡಿ ಅಣ್ಣ. ಆದರೆ ಅಲ್ಲಿ ಪ್ರಶ್ನೆ ಕೇಳುವ ರೀತಿ ಬದಲಾಯಿಸಿ.

ನೀವು ಪತ್ರದ ಜೊತೆ ಕಳಿಸಿದ ಫೋಟೊ ನೋಡಿದೆ. ಗಿಡ ಜೋತುಬಿದ್ದಿದೆ, ಎಲೆ ಇನ್ನೂ ಹಸಿರಾಗೇ ಇದೆ. ಕಾಣುವುದು ಇಷ್ಟೇ. ಇಷ್ಟನ್ನು ನೋಡಿ ಇಂಥದ್ದೇ ರೋಗ ಅಂತ ಹೇಳಲು ದೊಡ್ಡ ವಿಜ್ಞಾನಿಗೂ ಆಗುವುದಿಲ್ಲ. ಟೊಮೆಟೊ ಸೊರಗಲು ದುಂಡಾಣು (ಬ್ಯಾಕ್ಟೀರಿಯಾ) ಕಾರಣ ಇರಬಹುದು, ಶಿಲೀಂಧ್ರ ಇರಬಹುದು, ಬೇರಿಗೆ ಗಂಟುಹುಳ ಬಿದ್ದಿರಬಹುದು, ಮಳೆಗೆ ನೀರು ನಿಂತು ಸುಮ್ನೆ ಬೇರು ಕೊಳೆತಿರಲೂಬಹುದು. ನಾಲ್ಕಕ್ಕೂ ದಾರಿ ಬೇರೆ ಬೇರೆ. ಒಂದಕ್ಕೆ ತಂದ ಔಷಧಿ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಗ್ರೂಪಿನವರು ನಿಮಗೆ ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಪ್ರತಿಯೊಬ್ಬರೂ ತಮ್ಮ ತೋಟದಲ್ಲಿ ಕಂಡಿದ್ದನ್ನು ಹೇಳಿದ್ದಾರೆ. ನಿಮ್ಮ ತೋಟದಲ್ಲಿ ಇರುವುದು ಅದೇ ಹೌದಾ ಅಂತ ಮಾತ್ರ ಯಾರೂ ಕೇಳಲಿಲ್ಲ.

ಇನ್ನು ಮುಂದೆ ಹೀಗೆ ಮಾಡಿ. ಈಗಷ್ಟೇ ಸೊರಗಲು ಶುರುವಾದ ಗಿಡ ಒಂದನ್ನು ಬೇರು ಸಮೇತ ಕೀಳಿ. ಪೂರ್ತಿ ಒಣಗಿದ್ದು ಬೇಡ. ಬೇರಿನ ಮಣ್ಣು ತೊಳೆದು ನೋಡಿ. ಗಂಟುಗಂಟಾಗಿ ಊದಿಕೊಂಡಿದ್ದರೆ ಅದು ಬೇರುಗಂಟು ಹುಳದ ಕೆಲಸ. ಬೇರು ಚೆನ್ನಾಗಿದ್ದರೆ ಬುಡದ ಹತ್ತಿರ ಕಾಂಡವನ್ನು ಬೆರಳುದ್ದ ಕತ್ತರಿಸಿ. ಬಣ್ಣವಿಲ್ಲದ ಗಾಜಿನ ಲೋಟಕ್ಕೆ ತಿಳಿ ನೀರು ತುಂಬಿ, ಆ ತುಂಡಿನ ಕೆಳಗಿನ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬಾರದು. ದುಂಡಾಣು ಸೊರಗು ರೋಗ ಆಗಿದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂತೆ ಬೆಳ್ಳಗೆ ಇಳಿಯಲು ಶುರುವಾಗುತ್ತದೆ. ನೀರು ತಿಳಿಯಾಗೇ ಉಳಿದರೆ ಇನ್ನೊಂದು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಸಿಪ್ಪೆಯ ಒಳಗೆ ಕಂದು ಗೆರೆ ಇದ್ದು, ಕೆಳಗಿನ ಎಲೆಗಳು ಮೊದಲೇ ಹಳದಿಯಾಗಿದ್ದರೆ ಶಿಲೀಂಧ್ರದ ಸೊರಗು ರೋಗದ ಅನುಮಾನ ಜಾಸ್ತಿ.

ಈ ಲೋಟದ ವೀಡಿಯೊ, ತೊಳೆದ ಬೇರಿನ ಫೋಟೊ, ಸೀಳಿದ ಕಾಂಡದ ಫೋಟೊ ಮೂರನ್ನೂ ಗ್ರೂಪಿಗೆ ಹಾಕಿ. ಜೊತೆಗೆ ನಾಟಿ ಮಾಡಿ ಎಷ್ಟು ದಿನ, ಯಾವ ತಳಿ, ಹಿಂದಿನ ಬೆಳೆ ಏನು, ನೀರು ಎಲ್ಲಿಯದು, ಮಣ್ಣು ಕೆಂಪಾ ಕಪ್ಪಾ, ಆಗಲೇ ಏನೇನು ಹೊಡೆದಿದ್ದೀರಿ ಅಂತ ಬರೆಯಿರಿ. ಬರೆಯಲು ಬೇಜಾರಾದರೆ ಒಂದು ವಾಯ್ಸ್ ಮೆಸೇಜು ಸಾಕು. ಆಗ ಬರುವ ಉತ್ತರಗಳೇ ಬೇರೆ ಇರುತ್ತವೆ. ಅದೇ ಫೋಟೊಗಳನ್ನು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿದರೆ ಅವರಿಗೂ ಹೇಳುವುದು ಸುಲಭ. ಗಿಡವನ್ನೇ ಕವರಿನಲ್ಲಿ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಲೋಟದಲ್ಲಿ ಹಾಲಿನ ಎಳೆ ಕಂಡಿತು ಅಂದರೆ ಒಂದು ಕಹಿ ಮಾತು ಹೇಳಬೇಕು. ಬಿದ್ದ ಗಿಡವನ್ನು ಎಬ್ಬಿಸುವ ಔಷಧಿ ಇಲ್ಲ. ಆ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ, ಹರಿಯುವ ನೀರು, ಗುದ್ದಲಿ, ಟ್ರ್ಯಾಕ್ಟರಿನ ಗಾಲಿಯ ಮಣ್ಣಿನ ಜೊತೆ ಪಕ್ಕದ ಹೊಲಕ್ಕೂ ಹೋಗುತ್ತದೆ. ರೋಗದ ಗಿಡ ಕಿತ್ತು ಹೊರಗೆ ಸಾಗಿಸಿ. ಆ ಜಾಗದಲ್ಲಿ ಮುಂದೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಇವೆಲ್ಲ ಒಂದೇ ಕುಟುಂಬದವು. ರಾಗಿ, ಜೋಳದ ಕಡೆ ತಿರುಗಿ. ಮತ್ತೆ ಟೊಮೆಟೊ ಇಡುವಾಗ ಈ ರೋಗ ತಡೆಯುವ ತಳಿ ನೋಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿಗೆ ದುಂಡಾಣು ಸೊರಗು, ಎಲೆ ಸುರುಳಿ, ಎಲೆ ಅಂಗಮಾರಿ ಮೂರನ್ನೂ ತಡೆಯುವ ಗುಣ ಇದೆ. ಬದನೆ ಬೇರಿನ ಮೇಲೆ ಕಸಿ ಮಾಡಿದ ಟೊಮೆಟೊ ಸಸಿಯೂ ಒಂದು ದಾರಿ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಆತಂಕ ಇದೆ. ಮೂರು ಔಷಧಿ ಕಲಸಿ ಹೊಡೆದೆ ಅಂದಿರಲ್ಲ, ಅದನ್ನು ದಯವಿಟ್ಟು ಮತ್ತೆ ಮಾಡಬೇಡಿ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಇದ್ದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾವ ಬೆಳೆಗೆ ಎಷ್ಟು ಪ್ರಮಾಣ, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಗ್ರೂಪಿನಲ್ಲಿ ಯಾರಾದರೂ ಬರೀ ಔಷಧಿ ಹೆಸರು ಹಾಕಿದರೆ, ಆ ಚೀಟಿಯ ಫೋಟೊ ಹಾಕಿ ಅಂತ ಕೇಳಿ. ಕೇಳಲು ಸಂಕೋಚ ಯಾಕೆ? ಹೊಡೆಯುವವರು ನೀವು, ಉಸಿರಾಡುವವರೂ ನೀವೇ.

ಮತ್ತೆ, ಮುಖ್ಯವಾದದ್ದು. ನಿಮ್ಮ ಗಿಡ ಹೋಯಿತು ಅಂತ ಗ್ರೂಪಿಗೆ ಹೇಳಿದಿರಾ? ಪತ್ರ ನೋಡಿದರೆ ಹೇಳಿಲ್ಲ ಅನಿಸುತ್ತದೆ. ಅಲ್ಲಿ ಔಷಧಿ ಹೇಳಿದವರೆಲ್ಲ ಇವತ್ತಿಗೂ ಅದು ಕೆಲಸ ಮಾಡಿರಬೇಕು ಅಂದುಕೊಂಡಿದ್ದಾರೆ. ನಾಳೆ ಇನ್ನೊಬ್ಬರಿಗೂ ಅದನ್ನೇ ಹೇಳುತ್ತಾರೆ. ನೂರಾರು ಜನ ಇರುವ ಗ್ರೂಪಿನಲ್ಲಿ ಪ್ರಶ್ನೆ ಸಾವಿರ, ಉತ್ತರ ಸಾವಿರ, ಆದರೆ ಆಮೇಲೆ ಏನಾಯ್ತು ಅನ್ನುವುದು ಮಾತ್ರ ಎಲ್ಲೂ ಸಿಗುವುದಿಲ್ಲ. ಕಲಿಕೆ ನಿಂತುಹೋಗುವುದು ಅಲ್ಲೇ. ಇವತ್ತೇ ಒಂದು ಮೆಸೇಜು ಹಾಕಿ: ಇದನ್ನು ಹೊಡೆದೆ, ಉಳಿಯಲಿಲ್ಲ, ಲೋಟದಲ್ಲಿ ನೋಡಿದಾಗ ಹೀಗೆ ಕಾಣಿಸಿತು. ಆ ಒಂದು ಮೆಸೇಜು ಇನ್ನೊಂದು ತೋಟ ಉಳಿಸಬಹುದು.

ಪ್ರಶ್ನೆ: ನಮ್ಮದು ಹೆಂಗಸರ ಸ್ವಸಹಾಯ ಸಂಘ. ಎಲ್ಲರ ಮನೆಯಲ್ಲೂ ರೇಷ್ಮೆ ಹುಳ ಸಾಕುತ್ತೇವೆ. ಆನ್‌ಲೈನಲ್ಲಿ ಕಲಿಯಿರಿ ಅಂತಾರೆ. ಆದರೆ ಅರ್ಧ ಜನರ ಹತ್ತಿರ ಬಟನ್ ಫೋನು. ದೊಡ್ಡ ಫೋನು ಮನೆಯಲ್ಲಿ ಗಂಡಸರ ಕೈಯಲ್ಲೇ ಇರುತ್ತೆ. ನಾವು ಹೆಂಗೆ ಕಲಿಯೋದು?
– ಶಿಡ್ಲಘಟ್ಟ ತಾಲ್ಲೂಕಿನ ಓದುಗರು

ಉತ್ತರ: ಅಕ್ಕ, ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, 2000ದ ದಶಕದ ಶುರುವಿನಲ್ಲಿ, ಸ್ಮಾರ್ಟ್‌ಫೋನು ಅನ್ನುವುದೇ ಇಲ್ಲದ ಕಾಲದಲ್ಲಿ, ಸ್ವಸಹಾಯ ಸಂಘದ ಹೆಂಗಸರು ಸೇರಿ ‘ನಮ್ಮ ಧ್ವನಿ’ ಅಂತ ಒಂದು ಕೇಂದ್ರ ನಡೆಸಿದರು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೊ ಜೊತೆಗಿದ್ದವು. ಆಗ ಹಳ್ಳಿಯವರಿಗೆ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ. ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊಗೆ ಅವಕಾಶ ಕೊಟ್ಟಿದ್ದು 2006ರಲ್ಲಿ. ಅದಕ್ಕೇ ಇವರು ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಕೇಳಿಸಿದರು. ಮಾತಾಡುವವರೂ ಊರಿನವರೇ, ಕೇಳುವವರೂ ಊರಿನವರೇ.

ಇನ್ನೊಂದು ಉದಾಹರಣೆ ಡಿಜಿಟಲ್ ಗ್ರೀನ್. ಇದು 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಶುರುವಾದ ಕೆಲಸ. ರೈತರೇ ತಮ್ಮ ಹೊಲದಲ್ಲಿ ಮಾಡಿದ್ದನ್ನು ವೀಡಿಯೊ ಮಾಡುವುದು, ಅದನ್ನು ಊರಿನಲ್ಲಿ ಗುಂಪಾಗಿ ಕೂತು ನೋಡುವುದು, ನಡುವೆ ವೀಡಿಯೊ ನಿಲ್ಲಿಸಿ ಮಾತಾಡಿಸಲು ಊರಿನ ಒಬ್ಬರನ್ನು ನೇಮಿಸುವುದು. ಅವರು ಗಮನಿಸಿದ ಸಂಗತಿ ನನಗೆ ಬಹಳ ಹಿಡಿಸಿತು. ವೀಡಿಯೊ ನೋಡಿದ ಜನ ಮೊದಲು ಕೇಳುತ್ತಿದ್ದದ್ದು ‘ಇವರು ಯಾರು, ಯಾವ ಊರಿನವರು’ ಅಂತ. ಗೊತ್ತಿರುವ ಕಡೆಯವರು ಮಾಡಿದ್ದಾರೆ ಅಂದರೆ ನಾವೂ ಮಾಡಬಹುದು ಅನ್ನುವ ಧೈರ್ಯ ಬರುತ್ತದೆ, ಅಲ್ವಾ?

ಹಾಗಾಗಿ ಎಲ್ಲರಿಗೂ ದೊಡ್ಡ ಫೋನು ಬೇಕಿಲ್ಲ. ಸಂಘಕ್ಕೆ ಒಂದು ಫೋನು, ಒಂದು ಸಣ್ಣ ಸ್ಪೀಕರು ಇದ್ದರೆ ಸಾಕು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಇಡಿ. ಫೋನು ಸಂಘದ ಹೆಸರಿನಲ್ಲಿ ಇರಲಿ, ತಿಂಗಳಿಗೆ ಒಬ್ಬರ ಮನೆಯಲ್ಲಿ ಇರಲಿ. ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಬಿಟ್ಟು ಸಭೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಯಾರೂ ಬರುವುದಿಲ್ಲ.

ನಿಮ್ಮ ಕಸುಬಿಗೆ ಅಕ್ಕಪಕ್ಕದವರ ಗುಂಪು ಎಷ್ಟು ಮುಖ್ಯ ಅಂತ ಎರಡು ಮಾತು ಹೇಳುತ್ತೇನೆ. ಒಂದು ಊಜಿ ನೊಣ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಒಳಗೆ ಹೋದ ಮರಿ ಹುಳವನ್ನೇ ತಿನ್ನುತ್ತದೆ, ಮೈಮೇಲೆ ಕಪ್ಪು ಚುಕ್ಕೆ ಉಳಿಯುತ್ತದೆ. ನೀವೊಬ್ಬರೇ ಕಿಟಕಿ ಬಾಗಿಲಿಗೆ ಪರದೆ ಕಟ್ಟಿ, ಪಕ್ಕದ ಮನೆಯವರು ಊಜಿ ಬಿದ್ದ ಹುಳವನ್ನು ತಿಪ್ಪೆಗೆ ಎಸೆದರೆ ನೊಣ ಮತ್ತೆ ನಿಮ್ಮ ಮನೆ ಸುತ್ತಲೇ ಇರುತ್ತದೆ. ಇಡೀ ಬೀದಿ ಒಟ್ಟಿಗೆ ಮಾಡಿದರೆ ಮಾತ್ರ ಅದು ಕಡಿಮೆ ಆಗುವುದು. ನೊಣ ಆಗುವ ಮುಂಚಿನ ಊಜಿಯ ಕೋಶಕ್ಕೆ ಬಿದ್ದು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಅನ್ನುವ ಸಣ್ಣ ಪರತಂತ್ರ ಕೀಟವನ್ನು ಬಿಡುವುದೂ ಹಾಗೇ, ಎಲ್ಲರೂ ಒಂದೇ ಹೊತ್ತಿಗೆ ಬಿಡಬೇಕು. ಎರಡನೆಯದು ಔಷಧಿಯ ಗಾಳಿ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಯಾರೋ ಕೋಸಿಗೋ ದ್ರಾಕ್ಷಿಗೋ ಔಷಧಿ ಹೊಡೆಯುತ್ತಾರೆ. ಗಾಳಿಗೆ ಸೊಪ್ಪಿನ ಮೇಲೆ ಬೀಳುತ್ತದೆ. ಗೊತ್ತಿಲ್ಲದೆ ನೀವು ಆ ಸೊಪ್ಪು ಹಾಕುತ್ತೀರಿ, ಹಣ್ಣಾಗಲು, ಅಂದರೆ ಗೂಡು ಕಟ್ಟಲು ಬಂದ ಹುಳ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಇದಕ್ಕೆ ಯಾವ ಆನ್‌ಲೈನ್ ಕೋರ್ಸೂ ಬೇಕಿಲ್ಲ. ಸುತ್ತಲಿನ ತರಕಾರಿ ಬೆಳೆಯುವವರನ್ನೂ ಸೇರಿಸಿ ಒಂದು ಗ್ರೂಪು ಮಾಡಿ. ‘ನಾಳೆ ಬೆಳಗ್ಗೆ ಕೆರೆ ಕೆಳಗಿನ ಹೊಲಕ್ಕೆ ಔಷಧಿ ಹೊಡೆಯುತ್ತೇನೆ’ ಅಂತ ಹಿಂದಿನ ದಿನವೇ ಹೇಳುವ ನಿಯಮ ಒಂದು ಇರಲಿ. ಬಟನ್ ಫೋನಿನವರಿಗೆ ಒಬ್ಬರು ಕರೆ ಮಾಡಿ ತಿಳಿಸಲಿ. ನೀವು ಸೊಪ್ಪು ಮೊದಲೇ ಕೊಯ್ದು ಇಟ್ಟುಕೊಳ್ಳುತ್ತೀರಿ, ಅವರೂ ಗಾಳಿ ನೋಡಿ ಹೊಡೆಯುತ್ತಾರೆ.

ರೋಗದ ವಿಷಯಕ್ಕೆ ಒಂದು ಎಚ್ಚರಿಕೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮೂರಕ್ಕೂ ಗುಣಲಕ್ಷಣ ಬೇರೆ. ಫೋಟೊ ತೆಗೆಯುವಾಗ ಹುಳವನ್ನು ಬಿಳಿ ಕಾಗದದ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ತೆಗೆಯಿರಿ. ಎಷ್ಟನೇ ಜ್ವರ (ಪೊರೆ ಕಳಚುವ ಹಂತ) ಎದ್ದಿದೆ ಅಂತ ತಪ್ಪದೆ ಹೇಳಿ.

ಪ್ರಶ್ನೆ: ಸಾವಯವಕ್ಕೆ ಬರಬೇಕು ಅಂತ ಆಸೆ. ಯೂಟ್ಯೂಬಲ್ಲಿ ಜೀವಾಮೃತದ್ದು ಎಷ್ಟು ವೀಡಿಯೊ ನೋಡಿದರೂ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಲ್ಲ. ಕೆಲವರು ಇದರಿಂದ ಏನೂ ಆಗಲ್ಲ ಅಂತಾರೆ. ಯಾರನ್ನು ನಂಬೋದು?
– ಶಿರಾ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಹೊಲವನ್ನು ನಂಬಿ. ಅದು ಹೇಳುವುದನ್ನು ಬರೆದಿಟ್ಟುಕೊಳ್ಳಿ.

ಜೀವಾಮೃತದ ಮೂಲ ಅಳತೆ ಹೆಚ್ಚಿನ ಕಡೆ ಒಂದೇ. ಒಂದು ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಎರಡು ದಿನ ಆಗಾಗ ಕಲಕುವುದು. ಉಳಿದ ವ್ಯತ್ಯಾಸ ಅವರವರ ಅನುಭವದಿಂದ ಬಂದಿದ್ದು. ಮಲೆನಾಡಿನ ಅಡಿಕೆ ತೋಟದಲ್ಲಿ, ತಲೆ ಮೇಲೆ ನೆರಳು ಕೆಳಗೆ ಎಲೆಗೊಬ್ಬರ ಇರುವ ಕಡೆ ಕಂಡ ಫಲ, ಶಿರಾದ ಒಣ ಕೆಂಪು ಮಣ್ಣಿನ ಶೇಂಗಾ ಹೊಲದಲ್ಲಿ ಹಾಗೇ ಕಾಣಬೇಕು ಅಂತಿಲ್ಲ. ಮಣ್ಣಿನಲ್ಲಿ ತೇವ ಮತ್ತು ಕೊಳೆಯಲು ಏನಾದರೂ ಇಲ್ಲದೆ ಡ್ರಮ್ಮಿನಿಂದ ಸುರಿದ ಸೂಕ್ಷ್ಮಜೀವಿ ಏನು ತಿಂದು ಬದುಕಬೇಕು? ಮೊದಲು ಹೊದಿಕೆ, ಕೊಟ್ಟಿಗೆ ಗೊಬ್ಬರ, ಬದು ಇವುಗಳ ಕಡೆ ನೋಡಿ ಅಂತ ನನ್ನ ಅಭಿಪ್ರಾಯ.

ಹೊಲವನ್ನು ಎರಡು ಪಟ್ಟೆ ಮಾಡಿ. ಒಂದರಲ್ಲಿ ಯಾವಾಗಿನ ಬೇಸಾಯ, ಪಕ್ಕದಲ್ಲೇ ಹೊಸದು. ಬಿತ್ತಿದ ದಿನ, ತಳಿ ಎರಡೂ ಕಡೆ ಒಂದೇ ಇರಲಿ. ವಾರಕ್ಕೊಂದು ದಿನ ನಾಲ್ಕೈದು ಜನ ಒಟ್ಟಿಗೆ ಹೋಗಿ ನೋಡಿ. ಇದು ಹೊಸ ಉಪಾಯ ಏನಲ್ಲ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಶುರು ಮಾಡಿದ ರೈತರ ಕ್ಷೇತ್ರ ಪಾಠಶಾಲೆ ಇದೇ ರೀತಿ ನಡೆಯಿತು. ಅಲ್ಲಿ ಕೀಟನಾಶಕ ಹೊಡೆದಷ್ಟೂ ಕಂದು ಜಿಗಿಹುಳು ಜಾಸ್ತಿಯಾಗುತ್ತಿತ್ತು, ಯಾಕೆಂದರೆ ಅದನ್ನು ತಿನ್ನುವ ಜೇಡ, ಕೀಟ ಎಲ್ಲ ಔಷಧಿಗೆ ಸಾಯುತ್ತಿದ್ದವು. ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತ್ತು. ಆದರೆ ರೈತರಿಗೆ ನಿಜವಾದ ನಂಬಿಕೆ ಬಂದಿದ್ದು ಗದ್ದೆಗೆ ಇಳಿದು, ತೆಂಡೆಯಲ್ಲಿ ಹುಳ ಎಷ್ಟು ಜೇಡ ಎಷ್ಟು ಅಂತ ತಾವೇ ಎಣಿಸಿ, ಚಿತ್ರ ಬರೆದು, ಈ ವಾರ ಹೊಡೆಯಬೇಕಾ ಬೇಡವಾ ಅಂತ ತಾವೇ ತೀರ್ಮಾನ ಮಾಡಿದ ಮೇಲೆ.

ಇದನ್ನೇ ನೀವು ಫೋನು ಇಟ್ಟುಕೊಂಡು ಮಾಡಬಹುದು. ಪ್ರತಿ ವಾರ ಒಂದೇ ಜಾಗದಲ್ಲಿ ನಿಂತು ಎರಡೂ ಪಟ್ಟೆಯ ಫೋಟೊ ತೆಗೆದು ಗುಂಪಿಗೆ ಹಾಕಿ. ಜಾಗಕ್ಕೆ ಒಂದು ಗೂಟ ನೆಟ್ಟುಕೊಳ್ಳಿ, ಇಲ್ಲದಿದ್ದರೆ ಚೆನ್ನಾಗಿರುವ ಗಿಡವನ್ನೇ ಹುಡುಕಿ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಖರ್ಚು, ಕೂಲಿ, ಕೊನೆಗೆ ಬಂದ ತೂಕ ಎಲ್ಲವನ್ನೂ ಹಾಕಿ. ಶುರುವಿಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ, ಅದರಲ್ಲಿ ಸಾವಯವ ಇಂಗಾಲದ ಅಂಕಿಯನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕು.

ಇನ್ನೊಂದು, ನಿಮ್ಮ ಕಡೆ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರಲ್ಲ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟರೂ ಏನಾದರೊಂದು ಮನೆಗೆ ಬರುತ್ತಿತ್ತು, ಅವರೆ ತೊಗರಿ ಮಣ್ಣಿಗೆ ಸಾರಜನಕ ಕೊಡುತ್ತಿದ್ದವು. ಎಷ್ಟು ಸಾಲಿಗೆ ಒಂದು ಅಕ್ಕಡಿ, ಯಾವ ಬೀಜದ ಜೊತೆ ಯಾವುದು ಅಂತ ಸರಿಯಾಗಿ ಗೊತ್ತಿರುವವರು ಈಗ ಊರಿಗೆ ಒಬ್ಬಿಬ್ಬರು. ಯೂಟ್ಯೂಬಿನಲ್ಲಿ ಹುಡುಕುವ ಮುಂಚೆ ಅವರ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗುಂಪಿಗೆ ಹಾಕಲು ಇದಕ್ಕಿಂತ ಒಳ್ಳೆಯ ವೀಡಿಯೊ ಇನ್ನೊಂದಿಲ್ಲ.

ಪ್ರಶ್ನೆ: ಗ್ರೂಪಲ್ಲಿ ದಿನಾ ಮಾರ್ಕೆಟ್ ರೇಟು ಬರುತ್ತೆ. ರೇಟು ಏರಿದಾಗ ನೋಡಿ ಟೊಮೆಟೊ ಇಡಬಹುದಾ?
– ಶ್ರೀನಿವಾಸಪುರದ ಓದುಗರು

ಉತ್ತರ: ಬೇಡ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ರೇಟು ನೋಡಿ ನಾಟಿ ಮಾಡಿದವರ ಹಣ್ಣು ಬರುವಷ್ಟರಲ್ಲಿ ಬೆಲೆ ಕುಸಿದಿತ್ತು. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ ಬೇಕು. ಇವತ್ತಿನ ರೇಟು ಇವತ್ತು ಹಣ್ಣು ಇರುವವರಿಗೆ.

ನಿಮಗೆ ಬೇಕಾದ ಲೆಕ್ಕ ಬೇರೆ. ಸುತ್ತಮುತ್ತ ಈ ವಾರ ಎಷ್ಟು ಎಕರೆ ನಾಟಿ ಆಗುತ್ತಿದೆ? ಇದನ್ನು ನಿಮ್ಮ ಹೋಬಳಿಯ ಗ್ರೂಪೇ ಮಾಡಬಹುದು. ಪ್ರತಿಯೊಬ್ಬರೂ ನಾಟಿ ಮಾಡಿದ ದಿನ, ಎಕರೆ ಹಾಕಲಿ. ನರ್ಸರಿಯವರನ್ನೂ ಸೇರಿಸಿಕೊಂಡರೆ ಯಾವ ವಾರಕ್ಕೆ ಎಷ್ಟು ಸಸಿ ಬುಕ್ ಆಗಿದೆ ಅಂತ ಅಂದಾಜು ಸಿಗುತ್ತದೆ. ಆಂಧ್ರದ ಮದನಪಲ್ಲಿ, ಮಹಾರಾಷ್ಟ್ರದ ಕಡೆಯ ಬೆಳೆಯೂ ಬೆಲೆ ತೀರ್ಮಾನ ಮಾಡುತ್ತದೆ, ಹಾಗಾಗಿ ಇದರಿಂದ ಪೂರ್ತಿ ಗೊತ್ತಾಗುವುದಿಲ್ಲ. ಆದರೂ ಎಲ್ಲರೂ ಒಂದೇ ವಾರ ಇಡುತ್ತಿದ್ದಾರೆ ಅಂತ ತಿಳಿದರೆ ಅರ್ಧ ಜಾಗಕ್ಕೆ ಬೀನ್ಸೋ ರಾಗಿಯೋ ಹಾಕಬಹುದು. ಭೂಮಿಗೂ ಅದು ಒಳ್ಳೆಯದು. ವರ್ಷಕ್ಕೆ ಎರಡು ಮೂರು ಸಲ ಟೊಮೆಟೊ ಇಟ್ಟ ಜಾಗದಲ್ಲೇ ಮೇಲೆ ಹೇಳಿದ ಸೊರಗು ರೋಗ ಬೇರು ಬಿಡುವುದು.

ಪ್ರಶ್ನೆ: ಡಿಗ್ರಿ ಮುಗಿಸಿ ಊರಿಗೆ ಬಂದಿದ್ದೇನೆ. ಆನ್‌ಲೈನ್ ಕೃಷಿ ಕೋರ್ಸ್ ಮಾಡಿದರೆ ಉಪಯೋಗ ಆಗುತ್ತಾ?
– ಗೌರಿಬಿದನೂರಿನ ಓದುಗರು

ಉತ್ತರ: ಆಗುತ್ತದೆ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಕೃಷಿಯ ಕೋರ್ಸುಗಳನ್ನು ದುಡ್ಡಿಲ್ಲದೆ ನೋಡಬಹುದು, ಸರ್ಟಿಫಿಕೇಟು ಬೇಕಾದರೆ ಪರೀಕ್ಷೆಗೆ ಶುಲ್ಕ ಇರುತ್ತದೆ. ಮಣ್ಣು, ನೀರು, ಕೀಟದ ಬುನಾದಿ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಹೆಚ್ಚಿನವು ಇಂಗ್ಲಿಷಿನಲ್ಲಿವೆ. ನೀವು ಅರ್ಥ ಮಾಡಿಕೊಂಡಿದ್ದನ್ನು ಊರಿನ ಗ್ರೂಪಿನಲ್ಲಿ ಕನ್ನಡದಲ್ಲಿ ಹೇಳಿದರೆ ಅದೇ ದೊಡ್ಡ ಕೆಲಸ. ಕೈಯಲ್ಲಿ ಮಾಡಿ ಕಲಿಯುವುದಕ್ಕೆ ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಲ್ಲಿ ರೇಷ್ಮೆ ಕೃಷಿ ಕಾಲೇಜೂ ಇದೆ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿದೆ. ಓದು ಬರಹ ಅಷ್ಟಕ್ಕಷ್ಟೆ, ಈ ಪತ್ರ ಮೊಮ್ಮಗಳು ಬರೆದುಕೊಡ್ತಿದ್ದಾಳೆ. ಮಗ ಬೆಂಗಳೂರಿಂದ ಎಲ್ಲಾ ಫೋನಲ್ಲೇ ಇದೆ ನೋಡ್ಕೋ ಅಂತಾನೆ. ನಮ್ಮಂಥವರಿಗೆ ಏನು ದಾರಿ?
– ಪಾವಗಡ ತಾಲ್ಲೂಕಿನ ಓದುಗರು

ಉತ್ತರ: ಹಿರಿಯರೇ, ನಿಮ್ಮ ಬಟನ್ ಫೋನೇ ಸಾಕು. 1800-180-1551 ಒತ್ತಿ. ಇದು ಕಿಸಾನ್ ಕಾಲ್ ಸೆಂಟರ್, 2004ರಿಂದ ನಡೆಯುತ್ತಿದೆ, ಕರೆಗೆ ದುಡ್ಡಿಲ್ಲ, ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಕನ್ನಡದಲ್ಲೇ ಮಾತಾಡುತ್ತಾರೆ. ಮಳೆ ಕೇಳಬೇಕು ಅಂದರೆ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನು ಮಾಡಿ, 92433 45433. ಹೊತ್ತುಗೊತ್ತು ನೋಡಬೇಕಿಲ್ಲ. ಕರೆ ಮಾಡುವಾಗ ಹೋಬಳಿ, ಬೆಳೆ, ಬಿತ್ತಿ ಎಷ್ಟು ದಿನ ಅಂತ ಮೊದಲೇ ನೆನಪು ಮಾಡಿಟ್ಟುಕೊಳ್ಳಿ.

ನಿಮ್ಮ ಮೊಮ್ಮಗಳಿಗೆ ಒಂದು ಮಾತು. ತಾಯಿ, ನಿನ್ನ ತಾತನಿಗೆ ಪಾವಗಡದ ಬರಗಾಲಗಳು ನೆನಪಿರುತ್ತವೆ. ಯಾವ ಮಳೆಗೆ ಯಾವುದು ಬಿತ್ತುತ್ತಿದ್ದರು, ಮಳೆ ತಪ್ಪಿದಾಗ ಏನು ಮಾಡಿದರು, ಬೀಜ ಹೇಗೆ ಉಳಿಸಿಕೊಂಡರು ಅಂತ ಕೇಳಿ ಒಂದೊಂದು ವಾಯ್ಸ್ ಮೆಸೇಜು ಮಾಡಿ ಊರಿನ ಗುಂಪಿಗೆ ಹಾಕು. ಅವರು ಕಲಿಯಬೇಕಾದವರು ಮಾತ್ರ ಅಲ್ಲ, ಕಲಿಸಬೇಕಾದವರೂ ಹೌದು.

ಪ್ರಶ್ನೆ: ನಾವು ಅಕ್ಕಪಕ್ಕದ ಐದಾರು ತೆಂಗಿನ ತೋಟದವರು ಗ್ರೂಪು ಮಾಡಬೇಕು ಅಂತಿದ್ದೇವೆ. ಮುಖ್ಯ ತೊಂದರೆ ಬಿಳಿ ನೊಣ, ಗರಿಯೆಲ್ಲಾ ಕಪ್ಪಾಗಿದೆ. ಮುಂದೆ ಸಾವಯವ ಅಂತ ಮಾರೋ ಯೋಚನೆಯೂ ಇದೆ. ಗ್ರೂಪಿಗೆ ಏನು ನಿಯಮ ಇಟ್ಟುಕೊಳ್ಳೋದು?
– ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ಐದಾರು ಜನ ಅಂದಿರಲ್ಲ, ಅದೇ ಸರಿಯಾದ ಅಳತೆ. ಒಬ್ಬರ ತೋಟ ಇನ್ನೊಬ್ಬರಿಗೆ ಗೊತ್ತಿರುವಷ್ಟು ಜನ ಇರಲಿ. ನಿಯಮ ಜಾಸ್ತಿ ಬೇಡ. ಹಬ್ಬದ ಶುಭಾಶಯ, ರಾಜಕೀಯ, ಜಾಹೀರಾತು ಬೇಡ. ಔಷಧಿ ಅಂಗಡಿಯವರು ಗುಂಪಿನಲ್ಲಿ ಇದ್ದರೆ ಅವರು ಅಂಗಡಿಯವರು ಅಂತ ಎಲ್ಲರಿಗೂ ತಿಳಿದಿರಲಿ. ಬೇರೆ ಕಡೆಯಿಂದ ಬಂದ ವೀಡಿಯೊ ಹಾಕಿದರೆ ಯಾವ ಊರಿನದು, ಯಾರು ಮಾಡಿದ್ದು ಅಂತ ಹಾಕಿದವರೇ ಹೇಳಬೇಕು. ಸಲಹೆ ತೆಗೆದುಕೊಂಡವರು ಹದಿನೈದು ದಿನದೊಳಗೆ ಫಲ ಏನು ಅಂತ ತಿಳಿಸಬೇಕು. ತಿಳಿಸದಿದ್ದರೆ ಇನ್ನೊಬ್ಬರು ಕೇಳಬೇಕು.

ಸಾವಯವ ಅಂತ ಮಾರಲು ಪಿಜಿಎಸ್ ಇಂಡಿಯಾ ಅನ್ನುವ ವ್ಯವಸ್ಥೆ ಇದೆ. ಕನಿಷ್ಠ 5 ಜನ ಅಕ್ಕಪಕ್ಕದ ರೈತರ ಗುಂಪು ಸಾಕು. ಹೊರಗಿನ ಇನ್ಸ್‌ಪೆಕ್ಟರಿಗೆ ದುಡ್ಡು ಕೊಟ್ಟು ಕರೆಸಬೇಕಿಲ್ಲ, ಗುಂಪಿನವರೇ ಒಬ್ಬರ ತೋಟ ಒಬ್ಬರು ಪರಿಶೀಲಿಸಿ ಬರೆಯಬೇಕು. ಪರಿವರ್ತನೆಯ ಅವಧಿಯಲ್ಲಿ ಪಿಜಿಎಸ್ ಗ್ರೀನ್, ಅದು ಮುಗಿದ ಮೇಲೆ ಪಿಜಿಎಸ್ ಆರ್ಗಾನಿಕ್ ಗುರುತು ಸಿಗುತ್ತದೆ. ಒಬ್ಬರು ಕದ್ದು ಔಷಧಿ ಹೊಡೆದರೆ ಇಡೀ ಗುಂಪಿನ ಹೆಸರು ಹಾಳು. ಅದಕ್ಕೆ ಈಗಿನಿಂದಲೇ ಪರಸ್ಪರ ತೋಟ ನೋಡುವ ಅಭ್ಯಾಸ ಮಾಡಿಕೊಳ್ಳಿ, ಫೋಟೊ ದಿನಾಂಕ ಸಮೇತ ಗುಂಪಿನಲ್ಲಿ ಉಳಿದಿದ್ದರೆ ಆಮೇಲೆ ದಾಖಲೆಗೂ ಬರುತ್ತದೆ.

ಈಗ ಬಿಳಿ ನೊಣ. ಇದು ಸುರುಳಿ ಸುತ್ತುವ ರುಗೋಸ್ ಬಿಳಿ ನೊಣ, 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡಿತು, ಅಲ್ಲಿಂದ ನಮ್ಮ ಕಡೆಗೂ ಬಂತು. ಗರಿಯ ಮೇಲಿನ ಕಪ್ಪು ಬಣ್ಣ ರೋಗ ಅಲ್ಲ. ನೊಣ ಬಿಡುವ ಅಂಟು ಕೆಳಗಿನ ಗರಿ ಮೇಲೆ ಬಿದ್ದು ಅದರ ಮೇಲೆ ಬೆಳೆದ ಬೂಷ್ಟು. ಶೇಕಡಾ 1ರ ಗಂಜಿ ನೀರು ಸಿಂಪಡಿಸಿದರೆ ಅದು ಒಣಗಿ ಪದರವಾಗಿ ಉದುರುತ್ತದೆ. ಕೀಟನಾಶಕ ಮಾತ್ರ ಹೊಡೆಯಬೇಡಿ. ಈ ನೊಣದ ಮರಿಯೊಳಗೆ ಮೊಟ್ಟೆ ಇಡುವ ಎನ್‌ಕಾರ್ಸಿಯಾ ಅನ್ನುವ ಬಹಳ ಸಣ್ಣ ಕಣಜ ನಮ್ಮ ತೋಟಗಳಲ್ಲೇ ಹೆಚ್ಚುತ್ತಿದೆ. ಔಷಧಿಗೆ ಮೊದಲು ಸಾಯುವುದು ಅದೇ.

ಗರಿಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ, ಇಲ್ಲವೇ ಫೋಟೊ ತೆಗೆದು ದೊಡ್ಡದು ಮಾಡಿ. ಬಿಳಿ ಮೇಣದ ನಡುವೆ ಕಪ್ಪಾದ ಮರಿಗಳು, ಕೆಲವುದರ ಮೇಲೆ ದುಂಡಗಿನ ಸಣ್ಣ ತೂತು ಕಂಡರೆ ಕಣಜ ಕೆಲಸ ಶುರು ಮಾಡಿದೆ ಅಂತ ಅರ್ಥ. ನಿಮ್ಮ ಐದಾರು ತೋಟಗಳಲ್ಲಿ ಯಾವುದರಲ್ಲಿ ಇಂಥ ಕಪ್ಪು ಮರಿ ಜಾಸ್ತಿ ಇದೆ ನೋಡಿ, ಅಲ್ಲಿಯ ಗರಿಯ ತುಂಡುಗಳನ್ನು ಇಲ್ಲದ ತೋಟದ ಮರಗಳಿಗೆ ಕಟ್ಟಿ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ, ಒಂದು ಗರಿ ಒಯ್ದು ಅದು ಎನ್‌ಕಾರ್ಸಿಯಾನೇ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಕಟ್ಟಿದ ಮರಕ್ಕೆ ಬಣ್ಣದ ದಾರ ಸುತ್ತಿ, ತಿಂಗಳು ಬಿಟ್ಟು ಅದೇ ಮರದ ಗರಿಯ ಫೋಟೊ ತೆಗೆದು ಗುಂಪಿಗೂ ನಮಗೂ ಕಳಿಸಿ. ಕಪ್ಪು ಮರಿ ಹೆಚ್ಚಿದ್ದರೂ ಸರಿ, ಏನೂ ಆಗದಿದ್ದರೂ ಸರಿ, ಇದೇ ಅಂಕಣದಲ್ಲಿ ಹಾಕುತ್ತೇವೆ.